ಪಕ್ಕದ ಮನೆ ಬಾಲ್ಕನಿಗೆ ಮರೆ: ಅಶೋಕವೋ, ಬಿದಿರೋ, ಕೋನೋಕಾರ್ಪಸ್ಸೋ?

ಪಕ್ಕದ ಸೈಟಿನಲ್ಲಿ ಮೂರು ಅಂತಸ್ತು ಎದ್ದ ಮೇಲೆ ನಮ್ಮ ಐದಡಿ ಕಾಂಪೌಂಡ್ ಇದ್ದೂ ಇಲ್ಲದ ಹಾಗೆ. ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಅನ್ನುವುದೂ ಅವರ ಬಾಲ್ಕನಿಗೆ ಕಾಣುತ್ತದೆ. ತುಮಕೂರಿನ ನಮ್ಮ ಮನೆಗೆ ಮೂರು ಕಡೆ ಮೂರು ಬಗೆಯ ಹಸಿರು ಮರೆ ಇದೆ. ಕೋನೋಕಾರ್ಪಸ್ ಅನ್ನುವ ಹೊರದೇಶದ ಅಲಂಕಾರದ ಮರ ಹಿಂದಿನ ಮಾಲೀಕರು ಬಿಟ್ಟು ಹೋದದ್ದು. ಅಶೋಕ, ಬಿದಿರು ನಾವು ನೆಟ್ಟದ್ದು. ಮಣ್ಣು ಒಂದೇ, ಬೋರ್‌ವೆಲ್ ನೀರೂ ಒಂದೇ.

ಕೋನೋಕಾರ್ಪಸ್ ತುಂಬಾ ಬೇಗ ಬೆಳೆಯುತ್ತದೆ. ಬುಡದಿಂದ ತುದಿವರೆಗೆ ಎಲೆ, ಕತ್ತರಿಸಿದಷ್ಟೂ ದಟ್ಟ. ನೋಡಲು ಪಕ್ಕಾ ಹಸಿರು ಗೋಡೆ. ತೊಂದರೆ ಇರುವುದು ಕೆಳಗೆ. ಚರಂಡಿಯ ಚೇಂಬರ್ ಮುಚ್ಚಳ ತೆಗೆಸಿದಾಗ ಪೈಪಿನೊಳಗೆ ಬೇರು ತೆಂಗಿನ ನಾರಿನ ಹಾಗೆ ಹೆಣೆದುಕೊಂಡಿತ್ತು. ಪ್ಲಂಬರ್ ಪೈಪನ್ನೇ ಬದಲಿಸಬೇಕಾಯಿತು. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಬೇರಿನ ಹಾವಳಿ ಒಂದು ಕಾರಣ, ಪರಾಗದಿಂದ ಅಲರ್ಜಿ, ಆಸ್ತಮಾ ಅನ್ನುವ ದೂರು ಇನ್ನೊಂದು. ಕಡಿದರೂ ಸುಮ್ನೆ ಸಾಯುವ ಗಿಡವಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ.

ಅಶೋಕ ಅಂದರೆ ಕೆಂಪು ಕಿತ್ತಳೆ ಹೂವಿನ ಸೀತಾ ಅಶೋಕ ಅಲ್ಲ, ಶಾಲೆ, ಕಚೇರಿಗಳ ಮುಂದೆ ಕಂಬದ ಹಾಗೆ ನಿಲ್ಲುತ್ತದಲ್ಲ, ಅದು. ಅಗಲಕ್ಕೆ ಹೋಗುವುದಿಲ್ಲ, ಹಾಗಾಗಿ ಗೋಡೆ ಪಕ್ಕ ಮೂರಡಿ ಮಣ್ಣಿದ್ದರೂ ಸಾಕು. ನಾಲ್ಕಡಿಗೆ ಒಂದರಂತೆ ನೆಟ್ಟೆವು. ಮೊದಲ ವರ್ಷ ಬೆಳೆಯುತ್ತಿದೆಯೋ ಇಲ್ಲವೋ ಅನ್ನಿಸಿತು, ಬೇರು ಕೂತ ಮೇಲೆ ಓಡತೊಡಗಿತು. ಆದರೆ ಅದರ ಪಾಡಿಗೆ ಬಿಟ್ಟರೆ ಮೇಲಕ್ಕೇ ಹೋಗುತ್ತದೆ, ಕೆಳಗೆ ಬರೀ ಕಾಂಡ ಕಾಣುತ್ತದೆ. ಹನ್ನೆರಡು ಅಡಿ ಆದಾಗ ತುದಿ ಕತ್ತರಿಸಿದೆವು, ಪಕ್ಕದ ಕೊಂಬೆ ದಟ್ಟವಾಯಿತು. ಹಣ್ಣಿನ ಕಾಲದಲ್ಲಿ ಬಾವಲಿಗಳು ರಾತ್ರಿಯಿಡೀ ತಿಂದು ಬೀಜ ಉದುರಿಸುತ್ತವೆ. ಅಡಿಯಲ್ಲಿ ಕಾರು ನಿಲ್ಲಿಸಬೇಡಿ. ಎಲೆಯಲ್ಲಿ ಹಸಿರು ಹುಳು ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಹೆಚ್ಚಾಗಿ ಅದು ಹಸಿರು ಚುಕ್ಕೆಯ ಚಿಟ್ಟೆಯ ಮರಿ, ನಾಲ್ಕು ಎಲೆ ತಿಂದರೆ ಮರಕ್ಕೇನೂ ಆಗದು.

ಬಿದಿರು ನನಗೆ ಇಷ್ಟ, ನಮ್ಮತ್ತೆಗೆ ಹಾವಿನ ಭಯ. ನರ್ಸರಿಯಲ್ಲಿ ಮೆಳೆ ಕಟ್ಟುವ ಜಾತಿಯೇ ಬೇಕೆಂದು ಕೇಳಿ ತನ್ನಿ. ನೆಲದಡಿ ಓಡುವ ಜಾತಿ ತಂದರೆ ಅದು ಪಕ್ಕದವರ ಅಂಗಳದಲ್ಲೂ ಏಳುತ್ತದೆ, ಆಮೇಲೆ ಮರೆಗಿಂತ ಜಗಳವೇ ಜಾಸ್ತಿ. ಮಳೆ ಬಿದ್ದ ಮೇಲೆ ಏಳುವ ಕಳಲೆ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ, ಗಳ ಆಮೇಲೆ ಎತ್ತರ ಬೆಳೆಯುವುದೇ ಇಲ್ಲ. ತುದಿ ಬಾಗುವುದರಿಂದ ಮೇಲಿನ ಬಾಲ್ಕನಿಗೆ ಒಳ್ಳೆ ಮರೆ. ಒಣ ಎಲೆ ಮಾತ್ರ ದಿನಾ ಗುಡಿಸಬೇಕು, ಮೆಳೆ ದಪ್ಪವಾದಂತೆ ಹಳೆ ಗಳ ಕಡಿಯಬೇಕು, ಬೇಸಿಗೆಯಲ್ಲಿ ನೀರು ತಪ್ಪಿಸಬಾರದು.

ಜಾಗ ಇಕ್ಕಟ್ಟಾಗಿದ್ದರೆ ಅಶೋಕ, ಐದಾರು ಅಡಿ ಅಗಲ ಮಣ್ಣಿದ್ದರೆ ಬಿದಿರು. ಕೋನೋಕಾರ್ಪಸ್ ಪುಕ್ಕಟೆ ಕೊಟ್ಟರೂ ಬೇಡ. ಮೂರರಲ್ಲಿ ಯಾವುದೇ ನೆಡುವ ಮೊದಲು ತಲೆ ಎತ್ತಿ ಕರೆಂಟ್ ತಂತಿ ನೋಡಿಕೊಳ್ಳಿ, ಲೈನ್‌ಮನ್ ಕೊಂಬೆ ಕಡಿಯುವಾಗ ಆಕಾರ ನೋಡಿ ಕಡಿಯುವುದಿಲ್ಲ. ಕೆಳಗಿನ ಕಿಟಕಿಗೆ ಮಾತ್ರ ಮರೆ ಬೇಕೆಂದರೆ ಇಷ್ಟು ಎತ್ತರದ ಮರ ಯಾಕೆ? ಕಾಮಿನಿ ಅನ್ನುವ ಬಿಳಿ ಹೂವಿನ ಪೊದೆ ಸಾಕು. ಬೆಳೆಯುವುದು ನಿಧಾನ, ಆದರೆ ಹೂವಿನ ಪರಿಮಳ ಚೆನ್ನಾಗಿದೆ. ಅಂಗಳದಲ್ಲಿ ನಿಂಬೆ ಗಿಡ ಇದ್ದರೆ ಅದೂ ಬೇಡ, ನಿಂಬೆಗೆ ರೋಗ ಹರಡುವ ಸಣ್ಣ ಕೀಟ ಕಾಮಿನಿಯಲ್ಲೂ ಬೀಡುಬಿಡುತ್ತದೆ.