ಗ್ರೋಸ್ ಪಾಯಿಂಟ್ ಮತ್ತೆ ನೋಡೋಕೆ ಡಿಸ್ಕ್ ಒಳ್ಳೇದಾ, ನೆಟ್‌ನಲ್ಲಿರೋ ತುಣುಕುಗಳಾ?

ಡಿಸ್ಕೇ ಒಳ್ಳೆಯದು. ಎರಡರಲ್ಲೂ ನೋಡಿದ ಮೇಲೆ ಹೇಳುತ್ತಿದ್ದೇನೆ. ಆದರೆ ಆ ಡಿಸ್ಕ್ ನಮ್ಮ ಮನೆಯಲ್ಲಿ ಓಡಲು ಮೂರು ವಾರ ಹಿಡಿಯಿತು. ತರಿಸಿಕೊಳ್ಳುವ ಯೋಚನೆ ಇದ್ದವರು ಅದನ್ನು ಮೊದಲೇ ತಿಳಿದಿರಬೇಕು.

'ಗ್ರೋಸ್ ಪಾಯಿಂಟ್' ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಡಬ್ಲ್ಯುಬಿ ಚಾನೆಲ್‌ನಲ್ಲಿ 2000ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2001ರ ಫೆಬ್ರವರಿಗೆ ನಿಂತುಹೋದ ಹಾಸ್ಯ ಧಾರಾವಾಹಿ. ಒಟ್ಟು 17 ಎಪಿಸೋಡ್. ಹೈಸ್ಕೂಲ್ ಹುಡುಗ ಹುಡುಗಿಯರ ಪ್ರೀತಿ, ಅಳು, ಜಗಳ ತೋರಿಸುವ ಒಂದು ಸೀರಿಯಲ್ ಇದೆ, ಅದರ ಸೆಟ್ಟಿನಲ್ಲಿ ಏನೇನು ನಡೆಯುತ್ತದೆ ಅನ್ನುವುದೇ ಕಥೆ. ಒಳಗಿನ ಸೀರಿಯಲ್ ಹೆಸರೂ 'ಗ್ರೋಸ್ ಪಾಯಿಂಟ್'. ಇದನ್ನು ಹುಟ್ಟುಹಾಕಿದ್ದು ಡ್ಯಾರೆನ್ ಸ್ಟಾರ್. ಹೈಸ್ಕೂಲ್ ಹುಡುಗ ಹುಡುಗಿಯರದ್ದೇ ಸೀರಿಯಲ್ ಆದ 'ಬೆವರ್ಲಿ ಹಿಲ್ಸ್ 90210' ಶುರು ಮಾಡಿದವರೂ ಅವರೇ. ಅಂಥ ಸೆಟ್ಟಿನ ಒಳಗುಟ್ಟು ಬಲ್ಲವರೇ ಮಾಡಿದ್ದರಿಂದ ಇದರ ಹಾಸ್ಯ ಇಷ್ಟು ಸರಿಯಾದ ಜಾಗಕ್ಕೆ ತಾಗುತ್ತದೆ ಅಂತ ನನ್ನ ನಂಬಿಕೆ.

ಮೊದಲು ನಾನು ನೋಡಿದ್ದು ನೆಟ್‌ನಲ್ಲಿ. ಆಗ ಟಿವಿಯಿಂದ ಕ್ಯಾಸೆಟ್‌ಗೆ ಇಳಿಸಿಕೊಂಡಿದ್ದನ್ನು ಯಾರೋ ಹಾಕಿದ್ದರು. ದುಡ್ಡು ಖರ್ಚಿಲ್ಲ, ಮೊಬೈಲ್‌ನಲ್ಲೇ ಸಿಗುತ್ತದೆ. ಆದರೆ ನನಗೆ ಸಿಕ್ಕಿದ್ದು 17ರಲ್ಲಿ 11 ಮಾತ್ರ, ಅದೂ ಹಿಂದುಮುಂದಾಗಿ. ಒಂದೊಂದು ಎಪಿಸೋಡ್ ಮೂರು ತುಂಡು. ಮಾತು ಒಂದು ಕಡೆ, ತುಟಿ ಒಂದು ಕಡೆ.

ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲು ಆಗದ್ದು ಮಸುಕು ಚಿತ್ರ. ಈ ಧಾರಾವಾಹಿಯ ಅರ್ಧ ಹಾಸ್ಯ ಮುಖದಲ್ಲೇ ಇರುವುದು. ಕ್ವೆಂಟಿನ್ ಅಂತ ಒಂದು ಪಾತ್ರ. ಹೈಸ್ಕೂಲ್ ಹುಡುಗನ ವೇಷಕ್ಕೆ ವಯಸ್ಸು ಮೀರಿದ ನಟ, ಉದುರುತ್ತಿರುವ ಕೂದಲೇ ಅವನ ದೊಡ್ಡ ಚಿಂತೆ. ಕ್ಯಾಸೆಟ್ ಚಿತ್ರದಲ್ಲಿ ಅವನ ತಲೆ ಒಂದು ಕಂದು ಮುದ್ದೆ, ಅಷ್ಟೇ. ಕೂದಲೇ ಕಾಣದಿದ್ದರೆ ಕೂದಲಿನ ತಮಾಷೆ ಹೇಗೆ ಕಾಣುತ್ತದೆ? ಮಾರ್ಸಿಯದೂ ಅದೇ ಕಥೆ. ಲಿಂಡ್ಸೆ ಸ್ಲೋನ್ ಮಾಡಿದ ಪಾತ್ರ ಅದು. ಸೆಟ್ಟಿನ ಇನ್ನೊಬ್ಬ ನಟಿ ಹಂಟರ್ ಏನೋ ಚುಚ್ಚಿ ಮಾತಾಡಿದಾಗ ಮಾರ್ಸಿ ನಗುತ್ತಾಳೆ, ಆ ನಗು ಅರ್ಧಕ್ಕೇ ನಿಲ್ಲುತ್ತದೆ, ಕಣ್ಣು ಬೇರೇನೋ ಹೇಳುತ್ತದೆ. ಇದು ನನಗೆ ಗೊತ್ತಾಗಿದ್ದು ಡಿಸ್ಕ್ ಹಾಕಿದ ಮೇಲೆ.

ಅಕ್ಕ ಡೆಟ್ರಾಯಿಟ್ ಹತ್ತಿರ ಇದ್ದಾಳೆ. ಗ್ರೋಸ್ ಪಾಯಿಂಟ್ ನಿಜವಾಗಿಯೂ ಅಲ್ಲೇ ಪಕ್ಕದಲ್ಲಿರುವ ಊರು, ಸೇಂಟ್ ಕ್ಲೇರ್ ಸರೋವರದ ದಂಡೆಯಲ್ಲಿ. ಅಕ್ಕ ಇಲ್ಲಿಗೆ ಬರುವಾಗ ಈ ಧಾರಾವಾಹಿಯ ಸೆಕೆಂಡ್ ಹ್ಯಾಂಡ್ ಡಿವಿಡಿ ಡಬ್ಬ ತಂದುಕೊಟ್ಟಳು. 12 ಡಾಲರ್. ಅವತ್ತು ರಾತ್ರಿಯೇ ಪ್ಲೇಯರ್‌ಗೆ ಹಾಕಿದೆ. ಕಪ್ಪು ಪರದೆ, ನಡುವೆ ರೀಜನ್ ಸರಿಯಿಲ್ಲ ಅಂತ ಒಂದು ಸಾಲು.

ವಿಷಯ ಏನೆಂದರೆ, ಡಿವಿಡಿಗಳಿಗೆ ಪ್ರಪಂಚವನ್ನು ಭಾಗ ಮಾಡಿಟ್ಟಿದ್ದಾರೆ. ಅಮೆರಿಕ, ಕೆನಡಾ ರೀಜನ್ 1. ನಮ್ಮದು ರೀಜನ್ 5. ಅಲ್ಲಿನ ಡಿಸ್ಕನ್ನು ಇಲ್ಲಿನ ಪ್ಲೇಯರ್ ಒಪ್ಪುವುದಿಲ್ಲ. ಡಬ್ಬದ ಹಿಂದೆ ಪುಟ್ಟ ಗೋಳದ ಚಿತ್ರದೊಳಗೆ 1 ಅಂತ ಇತ್ತು, ನಾನೇ ಗಮನಿಸಿರಲಿಲ್ಲ. ಕೆಲವು ಪ್ಲೇಯರ್‌ಗಳಲ್ಲಿ ರಿಮೋಟ್‌ನ ನಂಬರ್ ಒತ್ತಿ ಈ ಬೀಗ ತೆಗೆಯಬಹುದು. ಎರಡು ಸಂಜೆ ಕೂತು ಒತ್ತಿದೆ, ನಮ್ಮದರಲ್ಲಿ ಆಗಲಿಲ್ಲ.

ಆಮೇಲೆ ಕಂಪ್ಯೂಟರ್. ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಐದನೆಯದಕ್ಕೆ ಯಾವುದು ಇರುತ್ತದೋ ಅದೇ ಖಾಯಂ. ಅಮ್ಮನ ಹಳೇ ಸಿನಿಮಾ ಡಿಸ್ಕ್‌ಗಳೂ ಅದೇ ಡ್ರೈವ್‌ನಲ್ಲಿ ಓಡಬೇಕು. ಎರಡು ಸಲ ಹಿಂದಕ್ಕೆ ಮುಂದಕ್ಕೆ ಮಾಡಿದರೆ ಉಳಿಯುವುದು ಒಂದೇ ಸಲ ಅಲ್ವಾ? ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌.ಪಿ. ರೋಡ್‌ಗೆ ಹೋಗಿ 900 ರೂಪಾಯಿಗೆ ಯುಎಸ್‌ಬಿಗೆ ಚುಚ್ಚುವ ಹಳೇ ಡ್ರೈವ್ ಒಂದನ್ನು ತಂದೆ. ಅದಕ್ಕೆ ರೀಜನ್ 1 ಹಾಕಿ, ಮೇಲೆ ಬಿಳಿ ಟೇಪ್ ಅಂಟಿಸಿ "ಅಮೆರಿಕ" ಅಂತ ಬರೆದಿಟ್ಟೆ. ಲ್ಯಾಪ್‌ಟಾಪ್‌ನಿಂದ ಟಿವಿಗೆ ಒಂದು ವೈರ್. ಅವತ್ತಿಂದ ಒಂದು ತೊಂದರೆಯೂ ಇಲ್ಲ.

ಮನೆಯಲ್ಲಿ ಊಟ, ಪಾತ್ರೆ ಎಲ್ಲ ಮುಗಿಯುವಾಗ ಹತ್ತೂವರೆ. ಒಂದು ಎಪಿಸೋಡ್ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ದಿನಕ್ಕೆ ಎರಡರಂತೆ ಒಂಬತ್ತು ರಾತ್ರಿಯಲ್ಲಿ ಮುಗಿಯಿತು. ಅಮ್ಮನೂ ಜೊತೆಗೆ ಕೂತಿದ್ದರು. ಭಾಷೆ ಪೂರ್ತಿ ಅರ್ಥವಾಗದಿದ್ದರೂ, ಶಾಟ್ ಮುಗಿದ ಕೂಡಲೇ ನಟಿಯರ ಮುಖ ಬದಲಾಗುವುದನ್ನು ನೋಡಿ, "ನಮ್ಮ ಸೀರಿಯಲ್‌ನವರೂ ಹಿಂಗೇನಾ?" ಅಂದರು.

ನೆಟ್‌ನ ತುಣುಕುಗಳಲ್ಲಿ ನನಗೆ ಇಷ್ಟವಾದದ್ದು ಒಂದೇ, ನಡುನಡುವೆ ಉಳಿದುಕೊಂಡಿರುವ ಆಗಿನ ಜಾಹೀರಾತುಗಳು. ಹೇಗಿದೆ ಅಂತ ಒಂದು ಎಪಿಸೋಡ್ ನೋಡುವವರಿಗೆ ಆ ತುಣುಕುಗಳು ಸಾಕು. ನಾನು ಇಷ್ಟವಾದದ್ದನ್ನು ವರ್ಷಕ್ಕೊಂದು ಸಲವಾದರೂ ತಿರುಗಿ ನೋಡುವವಳು. ನನಗೆ ಡಬ್ಬ, ಡ್ರೈವ್ ಸೇರಿ ಸುಮಾರು ಎರಡು ಸಾವಿರದ ಖರ್ಚು ಜಾಸ್ತಿ ಅನ್ನಿಸಲಿಲ್ಲ. ಈಗ ಡಬ್ಬ ಗೆಳತಿಯ ಮನೆಯಲ್ಲಿದೆ. ಡ್ರೈವನ್ನೂ ಜೊತೆಗೇ ಕಳಿಸಿದ್ದೇನೆ.