ಜಿಮೇಲ್ ಫಿಲ್ಟರ್‌ನಲ್ಲಿ ‘ಡಿಲೀಟ್’ ಟಿಕ್ ಮಾಡಿದ್ದೀರಾ? ಇವತ್ತೇ ತೆಗೆಯಿರಿ

ಬೇಡದ ಮೇಲ್‌ಗಳ ಕಾಟಕ್ಕೆ ಫಿಲ್ಟರ್ (ಇಂಥ ಮೇಲ್ ಬಂದರೆ ಹೀಗೆ ಮಾಡು ಅಂತ ಜಿಮೇಲ್‌ಗೆ ಹೇಳಿಡೋದು) ಮಾಡಿಟ್ಟವರು ದಯವಿಟ್ಟು ಇದನ್ನು ಓದಿ. ನಾನು ಹಾಕಿದ ಒಂದೇ ಒಂದು ಟಿಕ್‌ನಿಂದ ಅಪ್ಪನ ಆರು ವರ್ಷದ ಹೆಲ್ತ್ ಇನ್ಶೂರೆನ್ಸ್ ಕೈತಪ್ಪಿತು.

ಹೋದ ದೀಪಾವಳಿ ಹೊತ್ತು. ದಿನಕ್ಕೆ ಅರವತ್ತು, ಎಪ್ಪತ್ತು ಮೇಲ್. ಶೂ, ಸೀರೆ, ಸಾಲ, ಯಾವತ್ತೋ ಒಂದ್ಸಲ ಬಸ್ ಟಿಕೆಟ್ ಮಾಡಿದ ತಪ್ಪಿಗೆ ಗೋವಾ ಪ್ಯಾಕೇಜು. ಒಂದು ರಾತ್ರಿ ತಲೆ ಕೆಟ್ಟು ಲ್ಯಾಪ್‌ಟಾಪ್ ಮುಂದೆ ಕೂತೆ. ಈ ಮೇಲ್‌ಗಳಲ್ಲೆಲ್ಲ ಒಂದೇ ಥರ ಇರೋದು ಏನು ಅಂತ ಹುಡುಕಿದೆ. ಎಲ್ಲದರ ತಳದಲ್ಲೂ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಅಂತ ಇತ್ತು, ಅಂದ್ರೆ ಇನ್ನು ಮೇಲ್ ಕಳಿಸಬೇಡಿ ಅನ್ನೋಕೆ ಒತ್ತುವ ಲಿಂಕ್. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಫಿಲ್ಟರ್‌ನ ‘ಹ್ಯಾಸ್ ದ ವರ್ಡ್ಸ್’ ಜಾಗದಲ್ಲಿ ಆ ಪದ ಹಾಕಿ, ‘ಡಿಲೀಟ್ ಇಟ್’ ಟಿಕ್ ಮಾಡಿ ಮಲಗಿದೆ. ಇಷ್ಟೇ ನಾನು ಮಾಡಿದ್ದು.

ಮಾರನೇ ದಿನದಿಂದ ಇನ್‌ಬಾಕ್ಸ್ ತೊಳೆದಿಟ್ಟ ಹಾಗೆ. ಆಫೀಸಿನಲ್ಲಿ ನಾಲ್ಕು ಜನಕ್ಕೆ ಇದನ್ನು ಹೇಳಿಕೊಟ್ಟೆ ಬೇರೆ. (ಅವರಿಗೆಲ್ಲ ಆಮೇಲೆ ಫೋನ್ ಮಾಡಿ ತೆಗೆಸಿದೆ.)

ಏಪ್ರಿಲ್ 10ರಂದು ಅಪ್ಪನನ್ನು ಕಣ್ಣಿನ ಪೊರೆ ಆಪರೇಷನ್‌ಗೆ ತುಮಕೂರಿಗೆ ಕರೆದುಕೊಂಡು ಹೋದೆ. ಇನ್ಶೂರೆನ್ಸ್ ಡೆಸ್ಕ್‌ನ ಹುಡುಗ ಕಾರ್ಡ್ ನಂಬರ್ ಹೊಡೆದು ನೋಡಿ, “ಸರ್, ಪಾಲಿಸಿ ಆಕ್ಟಿವ್ ಇಲ್ಲ” ಅಂದ. ನಾನು ಅಲ್ಲೇ ಫೋನ್ ತೆಗೆದು ಮೇಲ್‌ನಲ್ಲಿ ಕಂಪನಿ ಹೆಸರು ಹುಡುಕಿದೆ. ಹೋದ ವರ್ಷದ ಪಾಲಿಸಿ ಬಿಟ್ಟರೆ ಏನೂ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೂಗಾಡಿದೆ. “ಒಂದು ಮೇಲ್ ಕೂಡ ಕಳಿಸಿಲ್ಲ ನೀವು!” ಆ ಕಡೆಯ ಹೆಣ್ಣುಮಗಳು ಸಮಾಧಾನವಾಗಿ ಒಂದೊಂದೇ ತಾರೀಖು ಓದಿದರು. ಜನವರಿಯಿಂದ ಒಟ್ಟು ಏಳು ಮೇಲ್. ಎಸ್‌ಎಂಎಸ್ ಕೂಡ ಹೋಗಿದೆ, ಅಪ್ಪನ ಕೀಪ್ಯಾಡ್ ಫೋನಿಗೆ. ಅಪ್ಪ ಅದನ್ನೆಲ್ಲ ಓದೋದೇ ಇಲ್ಲ.

ನನಗೆ ಗೊತ್ತಿಲ್ಲದ ವಿಷಯ ಏನಂದ್ರೆ, ಜಿಮೇಲ್‌ನಲ್ಲಿ ಸುಮ್ನೆ ಹುಡುಕಿದರೆ ಸ್ಪ್ಯಾಮ್ ಮತ್ತು ಬಿನ್ (ಡಿಲೀಟ್ ಆದ ಮೇಲ್ ಬೀಳುವ ಕಸದಬುಟ್ಟಿ) ಒಳಗೆ ಅದು ನೋಡುವುದಿಲ್ಲ. ಬಿನ್ ನಾವೇ ತೆರೆಯಬೇಕು. ತೆರೆದೆ. ದಪ್ಪ ಅಕ್ಷರದಲ್ಲಿ, ಯಾರೂ ಓದದ ಮೂರು ಮೇಲ್. ಮಾರ್ಚ್ 15: ಗ್ರೇಸ್ ಪೀರಿಯಡ್ (ತಾರೀಖು ದಾಟಿದ ಮೇಲೂ ಪ್ರೀಮಿಯಂ ಕಟ್ಟೋಕೆ ಕೊಡುವ ಕಾಲ) ಮುಗಿಯಲು ಇನ್ನೊಂದು ವಾರ. ಮಾರ್ಚ್ 21: ನಾಳೆ ಕೊನೆ ದಿನ. ಮಾರ್ಚ್ 24: ಪಾಲಿಸಿ ಲ್ಯಾಪ್ಸ್ ಆಗಿದೆ, ಅಂದ್ರೆ ರದ್ದಾಗಿದೆ. ಉಳಿದ ನಾಲ್ಕು ಆಗಲೇ ಇರಲಿಲ್ಲ, ಬಿನ್‌ಗೆ ಬಿದ್ದದ್ದು 30 ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತೆ. ಒಂದು ಮೇಲನ್ನು ತಳದವರೆಗೆ ಎಳೆದೆ. ಅದೇ ಬೂದು ಅಕ್ಷರ. ‘ಅನ್‌ಸಬ್‌ಸ್ಕ್ರೈಬ್’.

ಅಪ್ಪ ಪಕ್ಕದಲ್ಲೇ ಕೂತಿದ್ದರು, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು. “ಮೇಲ್ ಎಲ್ಲಾ ನೀನೇ ನೋಡ್ಕೋತೀಯಲ್ಲಪ್ಪ?” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಂಡ ಹಾಗಾಯ್ತು ನನ್ನ ಕಥೆ. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುವ ಹೆಲ್ತ್ ಪಾಲಿಸಿಗೆ ಗ್ರೇಸ್ 30 ದಿನ. ಅದು ದಾಟಿದರೆ ಹೊಸದಾಗಿ ಪಾಲಿಸಿ ಮಾಡಿಸಬೇಕು, ವೇಟಿಂಗ್ ಪೀರಿಯಡ್ (ಕೆಲವು ಕಾಯಿಲೆಗೆ ಕ್ಲೈಮ್ ಸಿಗದೆ ಕಾಯಬೇಕಾದ ಕಾಲ) ಮೊದಲಿಂದ ಶುರು. ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು.

ಸ್ಪ್ಯಾಮ್‌ಗೆ ಹೋದ ಮೇಲ್ ಆದ್ರೂ ಎಂದೋ ಒಂದು ದಿನ ಕಣ್ಣಿಗೆ ಬೀಳುತ್ತೆ, ಅಲ್ಲಿ ಎಣಿಕೆ ಕಾಣುತ್ತಲ್ಲ. ಫಿಲ್ಟರ್ ಡಿಲೀಟ್ ಮಾಡಿದ್ದಕ್ಕೆ ಸದ್ದೇ ಇಲ್ಲ. ಫೋನಿನ ಜಿಮೇಲ್ ಆ್ಯಪ್‌ನಲ್ಲಂತೂ ನೀವು ಮಾಡಿಟ್ಟ ಫಿಲ್ಟರ್‌ಗಳ ಪಟ್ಟಿಯೇ ಸಿಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಮೇಲಿನ ಚಕ್ರದ ಗುರುತು ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ ಒಳಗೆ ‘ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್’ ನೋಡಿ. ಅಲ್ಲಿ ‘ಡಿಲೀಟ್ ಇಟ್’ ಅಂತ ಎಲ್ಲಿದ್ದರೂ ತೆಗೆದುಹಾಕಿ. ಆಮೇಲೆ ಬಿನ್ ತೆರೆದು ಕಳೆದ 30 ದಿನದ್ದನ್ನು ಒಮ್ಮೆ ಜಾಲಾಡಿ.

ನಾನು ಈಗ ಅದೇ ಪದಕ್ಕೆ ‘ಸ್ಕಿಪ್ ದ ಇನ್‌ಬಾಕ್ಸ್’ ಟಿಕ್ ಮಾಡಿ ‘ಸಂತೆ’ ಅಂತ ಒಂದು ಲೇಬಲ್ ಕೊಟ್ಟಿದ್ದೇನೆ, ಆ ಮೇಲ್‌ಗಳು ಅಳಿಸಿಹೋಗದೆ ಇನ್‌ಬಾಕ್ಸ್‌ನ ಹೊರಗೆ ಆ ಹೆಸರಿನಡಿ ಇರುತ್ತವೆ. ಬ್ಯಾಂಕು, ಇನ್ಶೂರೆನ್ಸ್, ಮಗಳ ಸ್ಕೂಲು, ಇವುಗಳ ಮೇಲ್ ವಿಳಾಸವನ್ನು ಅದೇ ಫಿಲ್ಟರ್‌ನ ‘ಫ್ರಮ್’ ಜಾಗದಲ್ಲಿ ಮೈನಸ್ ಚಿಹ್ನೆ ಹಾಕಿ ಬರೆದಿದ್ದೇನೆ, ಅವು ನೇರ ಇನ್‌ಬಾಕ್ಸ್‌ಗೇ ಬರುತ್ತವೆ. ಹೊಸ ಫಿಲ್ಟರ್ ಮಾಡುವ ಮೊದಲು ಅದೇ ಪದವನ್ನು ಸುಮ್ನೆ ಸರ್ಚ್ ಮಾಡಿ, ಬಂದ ಪಟ್ಟಿಯ ಎರಡು ಮೂರು ಪುಟ ನೋಡಿ. ಆವತ್ತು ನಾನು ಅಷ್ಟು ಮಾಡಿದ್ದರೆ ಹೋದ ವರ್ಷದ ಪಾಲಿಸಿ ಮೇಲ್ ಅಲ್ಲೇ ಕಾಣುತ್ತಿತ್ತು.

ಗೊತ್ತಿರುವ ಅಂಗಡಿಯ ಮೇಲ್ ಆದರೆ ಕಳಿಸಿದವರ ಹೆಸರಿನ ಪಕ್ಕದಲ್ಲೇ ಬರುವ ಅನ್‌ಸಬ್‌ಸ್ಕ್ರೈಬ್ ಒತ್ತಿದರೂ ಸಾಕು. ಜಾಸ್ತಿ ಮೇಲ್ ಕಳಿಸುವವರು ಅದನ್ನು ಒಂದೇ ಕ್ಲಿಕ್‌ನಲ್ಲಿ ಕೊಡಲೇಬೇಕು ಅಂತ 2024ರಲ್ಲಿ ಗೂಗಲ್ ನಿಯಮ ತಂದಿದೆ. ಮೋಸದ ಮೇಲ್ ಅನ್ನಿಸಿದರೆ ಮಾತ್ರ ಒಳಗೆ ಏನನ್ನೂ ಒತ್ತಬೇಡಿ, ‘ರಿಪೋರ್ಟ್ ಸ್ಪ್ಯಾಮ್’ ಕೊಟ್ಟು ಬಿಡಿ.

ಆವತ್ತು ಕಾರ್ಡ್ ಉಜ್ಜಿ 42,000 ಕಟ್ಟಿ ಬಂದೆ. ಎಡಗಣ್ಣು ಇನ್ನೂ ಬಾಕಿ ಇದೆ. ಅದಕ್ಕೂ ಕೈಯಿಂದಲೇ ಹಾಕಬೇಕು.