ಗ್ರೀಸ್ ನಿಪಲ್ ಇರುವ ಯು-ಜಾಯಿಂಟ್ ಕ್ರಾಸ್ ಕಿಟ್: ಒಂದು ವರ್ಷ ಓಡಿಸಿದ ಮೇಲೆ

ನನ್ನ ಪಿಕಪ್‌ನ ಪ್ರೊಪೆಲ್ಲರ್ ಶಾಫ್ಟ್‌ಗೆ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ) ಈ ಕಿಟ್ ಹಾಕಿ ಒಂದು ವರ್ಷ ಆಯಿತು. ಯು-ಜಾಯಿಂಟ್ ಅಂದರೆ ಆ ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು, ಅದರ ನಡುವಿನ + ಆಕಾರದ ಭಾಗವೇ ಕ್ರಾಸ್, ಅದಕ್ಕೆ ಗ್ರೀಸ್ ತುಂಬುವ ಸಣ್ಣ ಮೂತಿಯೇ ನಿಪಲ್. ನಡುಕ ಪೂರ್ತಿ ನಿಂತಿದೆ. ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿದಾಗ ಕೆಳಗಿನಿಂದ ಬರುತ್ತಿದ್ದ 'ಟಕ್' ಸದ್ದೂ ಇಲ್ಲ. ಕಿಟ್ ಒಳ್ಳೆಯದು, ಧೈರ್ಯವಾಗಿ ತಗೊಳ್ಳಿ. ಆದರೆ ಅದಕ್ಕೂ ಮೊದಲು ನಡುಕ ಎಲ್ಲಿಂದ ಬರುತ್ತಿದೆ ಅಂತ ಖಚಿತ ಮಾಡಿಕೊಳ್ಳಿ.

ನನ್ನ ಗಾಡಿಯಲ್ಲಿ ಗಂಟೆಗೆ 70 ಕಿ.ಮೀ. ದಾಟಿದರೆ ಸೀಟಿನ ಕೆಳಗೆ ಗುಂಯ್ ಅಂತ ಶುರುವಾಗುತ್ತಿತ್ತು. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಏನೂ ಬದಲಾಗಲಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ಅದೇ ವೇಗ ಇಟ್ಟುಕೊಂಡು ಒಂದು ಗೇರ್ ಇಳಿಸಿ ನೋಡಿದೆ. ಎಂಜಿನ್ ಆರ್‌ಪಿಎಂ ಏರಿತು, ನಡುಕ ಮಾತ್ರ ಹಾಗೇ ಇತ್ತು. ಅಂದರೆ ತೊಂದರೆ ಎಂಜಿನ್‌ನಲ್ಲಿ ಅಲ್ಲ, ಗೇರ್‌ಬಾಕ್ಸ್‌ನಿಂದ ಹಿಂದೆ. ಇನ್ನು ಟೈರೋ ಶಾಫ್ಟೋ ಅನ್ನುವುದು ನಡುಕದ ರೀತಿಯಲ್ಲೇ ಗೊತ್ತಾಗುತ್ತದೆ: ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ಗೇರ್ ಪೆಟ್ಟಿಗೆ) ರೇಶಿಯೋ 4 ಇದ್ದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ 4 ಸುತ್ತು ಸುತ್ತಿರುತ್ತದೆ, ಹಾಗಾಗಿ ಟೈರಿನದು ನಿಧಾನವಾದ ಕುಲುಕಾಟ, ಶಾಫ್ಟಿನದು ಜೇನುಹುಳದ ಹಾಗೆ ಸಣ್ಣ, ವೇಗದ ನಡುಕ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಕೆಳಗೆ ಹೋದೆ. ಜಾಯಿಂಟಿನ ಆ ಕಡೆ ಒಂದು ಕೈ, ಈ ಕಡೆ ಒಂದು ಕೈ ಹಿಡಿದು ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಶಾಫ್ಟ್ ಇಡೀ ಸ್ವಲ್ಪ ತಿರುಗಿದರೆ ಗಾಬರಿ ಬೇಡ, ಅದು ಡಿಫರೆನ್ಷಿಯಲ್ ಗೇರ್‌ಗಳ ನಡುವಿನ ಸಹಜ ಸಂದು. ಕ್ರಾಸ್‌ಗೂ ಅದರ ತುದಿಗಳಿಗೆ ಕೂರುವ ಬೇರಿಂಗ್ ಕಪ್‌ಗೂ ನಡುವೆ ಮಾತ್ರ ಕಣ್ಣಿಗೆ ಕಾಣುವ ಪ್ಲೇ (ಸಡಿಲ) ಇರಲೇಬಾರದು. ನನ್ನದರಲ್ಲಿ ಇತ್ತು, ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿಯೂ ಇತ್ತು. ಒಳಗೆ ಗ್ರೀಸ್ ಒಣಗಿದೆ ಅಂತಲೇ ಅರ್ಥ.

ಕಿಟ್‌ನಲ್ಲಿ ಕ್ರಾಸ್, ನಾಲ್ಕು ಕಪ್, ಕಪ್ ಹೊರಬರದಂತೆ ಹಿಡಿಯುವ ಸರ್‌ಕ್ಲಿಪ್ ಬರುತ್ತವೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಗುರುತು ಹಾಕಿ. ಬೇರೆ ಸ್ಥಾನದಲ್ಲಿ ಕೂತರೆ ಹೊಸ ನಡುಕವೇ ಬರಬಹುದು. ಸರ್‌ಕ್ಲಿಪ್ ತನ್ನ ಗ್ರೂವ್‌ನಲ್ಲಿ ಕೂರದಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ, ಸಾಮಾನ್ಯವಾಗಿ ಕಪ್ ಒಳಗೆ ಒಂದು ನೀಡಲ್ (ಸೂಜಿಯಂಥ ಬೇರಿಂಗ್ ಕಡ್ಡಿ) ಅಡ್ಡ ಬಿದ್ದಿರುತ್ತದೆ. ನನಗೆ ಮೂರನೇ ಕಪ್‌ನಲ್ಲಿ ಹೀಗೇ ಆಯಿತು, ಬಿಚ್ಚಿ ಮತ್ತೆ ಜೋಡಿಸಿದೆ.

ಒಂದು ಕೊರತೆ ಇದೆ. ನಿಪಲ್ ಯೋಕ್‌ನ (ಕ್ರಾಸ್ ಹಿಡಿಯುವ ಕವಲಿನ) ಸಂದಿಯಲ್ಲಿ ಕೂರುತ್ತದೆ, ಮಾಮೂಲಿ ಗ್ರೀಸ್ ಗನ್ ತಲುಪುವುದೇ ಇಲ್ಲ, ಸೂಜಿಮೂತಿಯ ನಾಝಲ್ ಬೇಕು. ಇನ್ನೊಂದು ಮಾತು: ನಿಪಲ್ ಇದ್ದರೆ ಜಾಸ್ತಿ ಗಟ್ಟಿ ಅಂತ ಅಂದುಕೊಳ್ಳಬೇಡಿ. ಗ್ರೀಸ್ ಹೋಗಲು ಕ್ರಾಸ್‌ನಲ್ಲಿ ರಂಧ್ರ ಕೊರೆದಿರುತ್ತಾರೆ, ನಿಪಲ್ ಇಲ್ಲದ ಸೀಲ್ಡ್ ಕ್ರಾಸ್ ಪೂರ್ತಿ ಗಟ್ಟಿ ಉಕ್ಕು. ಗಾಡಿ ಕೆಳಗೆ ಹೋಗಿ ಗ್ರೀಸ್ ಹೊಡೆಯುವ ಅಭ್ಯಾಸ ಇಲ್ಲದವರಿಗೆ ಸೀಲ್ಡ್ ಕ್ರಾಸೇ ಸರಿ. ನನ್ನ ಗಾಡಿ ಕೆಸರು, ನೀರಿನಲ್ಲೇ ಓಡುವುದರಿಂದ ಹಳೆ ಗ್ರೀಸ್ ಹೊರಗೆ ತಳ್ಳುವ ಅನುಕೂಲ ನನಗೆ ಮುಖ್ಯ. ಗನ್ ಒತ್ತುವಾಗ ನಾಲ್ಕೂ ಸೀಲ್‌ಗಳಿಂದ ಹೊಸ ಗ್ರೀಸ್ ಇಣುಕಬೇಕು. ಒಂದರಲ್ಲಿ ಬರದೇ ಇದ್ದರೆ ಶಾಫ್ಟನ್ನು ಸ್ವಲ್ಪ ಆಚೀಚೆ ಅಲ್ಲಾಡಿಸಿ ಮತ್ತೆ ಒತ್ತಿ, ಬರುತ್ತದೆ.